ಮೀಯುವುದು, ಎರೆಯುವುದು: ಎರಡೂ ಒಂದೇನಾ?

ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ಜಾತ್ರೆ ಆಗುತ್ತದೆ. ಅವತ್ತು ತುಂಗೆಯಲ್ಲಿ ಮುಳುಗು ಹಾಕುವವರು ತುಂಬಾ ಜನ. ಆ ಸುದ್ದಿ ಓದುವಾಗ ಮಗಳು ಕೇಳಿದಳು, "ಮಿಂದೆದ್ದರು ಅಂದ್ರೆ ಏನಪ್ಪಾ?" ಸ್ನಾನ ಮಾಡಿದರು ಅಂತ ಹೇಳಿದೆ. "ಮತ್ತೆ ಅಜ್ಜಿ ಎರೆಯೋದು ಅಂತಾರಲ್ಲ, ಅದು?" ಅದೂ ಸ್ನಾನವೇ ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ, ಹಾಗೆ ಹೇಳಬಾರದಿತ್ತು ಅನ್ನಿಸಿತು.

ಹೊಸನಗರದ ಕಡೆ ನಮ್ಮ ಮನೆಯಲ್ಲಿ ದಿನದ ಸ್ನಾನಕ್ಕೆ ಮೀಯೋದು ಅಂತಿದ್ದರು. ತೋಟದಿಂದ ಬಂದವರನ್ನು "ಮಿಂದಾಯ್ತಾ?" ಅಂತ ಕೇಳಿಯೇ ಬಾಳೆಲೆ ಹಾಕುತ್ತಿದ್ದರು. ಇದು ಅಚ್ಚಗನ್ನಡದ ಹಳೇ ಮಾತು. ಬೇ, ನೋ, ಮೀ ಮೂರೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಬೆಂದ, ನೊಂದ, ಮಿಂದ. ಬೇಯಿಸು, ನೋಯಿಸು, ಮೀಯಿಸು. ತುಳುವಿನಲ್ಲೂ ಮೀಪಿನಿ ಅನ್ನುತ್ತಾರೆ. ಬೇಯುವುದು, ನೋಯುವುದು ಇವತ್ತಿಗೂ ಎಲ್ಲರ ಬಾಯಲ್ಲಿವೆ. ಮೀಯುವುದು ಮಾತ್ರ ಮನೆಯಿಂದ ಹೊರಟುಹೋಗಿ, 'ಭಕ್ತಿಯಲ್ಲಿ ಮಿಂದೆದ್ದರು' ಎನ್ನುವಂಥ ಕಡೆ ಉಳಿದುಕೊಂಡಿದೆ. ಬಚ್ಚಲಿನ ಮಾತು ಬಚ್ಚಲಲ್ಲೇ ಇಲ್ಲ ಅನ್ನೋದು ನನಗೆ ಸಂಕಟದ ವಿಷಯ.

ಎರೆಯುವುದು ಬೇರೆ. ದೋಸೆ ಎರೆಯುತ್ತೇವೆ, ಮದುವೆಯಲ್ಲಿ ಧಾರೆ ಎರೆಯುತ್ತೇವೆ. ವಚನಗಳಲ್ಲಿ ಲಿಂಗಕ್ಕೆ ಮಜ್ಜನಕ್ಕೆರೆಯುವ ಮಾತು ಬರುತ್ತದೆ. ಎಲ್ಲ ಕಡೆಯೂ ಒಂದು ಕೈ ಹುಯ್ಯುತ್ತದೆ, ಇನ್ನೊಂದರ ಮೇಲೆ ಬೀಳುತ್ತದೆ. ಮೀಯುವುದಕ್ಕೆ ಒಬ್ಬರು ಸಾಕು. ಎರೆಯುವುದಕ್ಕೆ ಇಬ್ಬರು ಬೇಕು. ನನ್ನ ಊಹೆ ಇಷ್ಟೇ.

ಇದು ನನಗೆ ಹೊಳೆದದ್ದು ದೀಪಾವಳಿಯ ನೀರು ತುಂಬುವ ಹಬ್ಬ ನೆನಪಾಗಿ. ಹಿಂದಿನ ಸಂಜೆಯೇ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ನೀರು ತುಂಬುತ್ತಿದ್ದರು. ನರಕ ಚತುರ್ದಶಿಯ ದಿನ ಬೆಳಕು ಹರಿಯುವ ಮುಂಚೆಯೇ ಬಚ್ಚಲ ಒಲೆಗೆ ಒಣಗಿದ ಅಡಿಕೆ ಸಿಪ್ಪೆ ಬೀಳುತ್ತಿತ್ತು. ಹೊಗೆಗೆ ಕಣ್ಣು ಉರಿ. ಅಜ್ಜಿ ನೆತ್ತಿಗೆ ಎಣ್ಣೆ ತಟ್ಟಿ, ಮೈಗೆಲ್ಲ ತಿಕ್ಕಿ, ಮಣೆ ಮೇಲೆ ಕೂರಿಸುತ್ತಿದ್ದರು. ಆಮೇಲೆ ಸೀಗೆಪುಡಿ. ಅದು ಕಣ್ಣಿಗೆ ಬಿದ್ದರೆ ದೇವರೇ ಗತಿ. ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಕೂತವನಿಗೆ ಚೊಂಬು ಹಿಡಿಯೋಕೆ ಕೈ ಎಲ್ಲಿದೆ? ಅಜ್ಜಿಯೇ ಹುಯ್ಯಬೇಕು. "ತಲೆ ಬಗ್ಸು, ಇನ್ನೊಂದು ಚೊಂಬು" ಅನ್ನುತ್ತಾ, ಒಂದು ಕೈಯಲ್ಲಿ ನೀರು ಬಿಡುತ್ತಾ ಇನ್ನೊಂದು ಕೈಯಲ್ಲಿ ಕೂದಲು ಬಿಡಿಸುತ್ತಿದ್ದರು. ಕೊನೆಗೆ ದಾಸವಾಳ ಸೊಪ್ಪಿನ ಲೋಳೆ. ಅದಕ್ಕೆ ನಮ್ಮಲ್ಲಿ ಗೊಂಪು ಅಂತ ಹೆಸರು. ಈ ಇಡೀ ಕೆಲಸಕ್ಕೆ ಎರೆಯೋದು ಅಂತಿದ್ದರು. ಬಾಣಂತಿಗೂ ಹಸುಗೂಸಿಗೂ ಎರೆಯುತ್ತಿದ್ದರು. ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಮುಖಕ್ಕೆ ಬೀಳದ ಹಾಗೆ ಅಂಗೈ ಅಡ್ಡ ಹಿಡಿದು ನೀರು ಬಿಡಬೇಕು. ಅಲ್ಲೂ ಎರಡು ಜೀವ, ಅಲ್ವಾ?

ಮೈಸೂರು ಸ್ಯಾಂಡಲ್ ಸೋಪು ತಯಾರಾಗತೊಡಗಿದ್ದು 1918ರ ಹೊತ್ತಿಗೆ. ಆದರೆ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಅದು ನೆಂಟರು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಅಂಟುವಾಳ, ಸೀಗೆಕಾಯಿ, ಕಡಲೆಹಿಟ್ಟೇ ಜಾಸ್ತಿ. ಶಾಂಪೂ ಬಂದ ಮೇಲೆ ಎರೆಯುವ ಕೈ ಬೇಡವಾಯಿತು. ಮಾತೂ ಅದರ ಹಿಂದೆಯೇ ಹೋಯಿತು ಅಂತ ನನಗನ್ನಿಸುತ್ತದೆ.

ಇನ್ನೊಂದು ಗುರುತು ಇದೆ. ಹೊರಗೆ ಕೂತ ಹೆಂಗಸರು ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡರು ಅಂತಲೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು, ಎರೆದರು ಅಂತ ಅಲ್ಲ. ಅವರನ್ನು ಆಗ ಯಾರೂ ಮುಟ್ಟುವ ಹಾಗಿರಲಿಲ್ಲ. ನೀರನ್ನು ತಾವೇ ಹುಯ್ದುಕೊಳ್ಳಬೇಕಿತ್ತು. ಕಷ್ಟದ ದಿನಗಳು ಅವು. ಮಾತು ಅದನ್ನೂ ಹಿಡಿದಿಟ್ಟಿದೆ.

ಆದರೆ ಬಯಲುಸೀಮೆಯ ಗೆಳೆಯರೊಬ್ಬರು ತಮ್ಮ ಕಡೆ ಹೆಂಗಸರು ಒಬ್ಬರೇ ತಲೆಸ್ನಾನ ಮಾಡಿದರೂ ಎರಕೊಂಡೆ ಅನ್ನುತ್ತಾರೆ ಅಂದರು. ಹಾಗಾದರೆ ನನ್ನ ಊಹೆ ನಮ್ಮ ಮನೆಗಷ್ಟೇ ಸರಿಯೇ? ಸಾಗರ, ಸೊರಬ, ಕೊಪ್ಪ, ಶೃಂಗೇರಿ ಕಡೆಯವರು ದಯವಿಟ್ಟು ತಿಳಿಸಿ. ನಿಮ್ಮ ಮನೆಯ ಹಿರಿಯ ಹೆಂಗಸರು ಒಂಟಿಯಾಗಿ ತಲೆಗೆ ನೀರು ಹುಯ್ದುಕೊಂಡಾಗ ಏನಂತಾರೆ? ಬಾಣಂತಿಗೆ ಎರೆಯಲು ಬರುವ ಅಜ್ಜಿಯನ್ನು ನಿಮ್ಮೂರಲ್ಲಿ ಏನಂತ ಕರೆಯುತ್ತಿದ್ದರು?