ಮೆಣಸು ಬಿಡಿಸುವ ಯಂತ್ರ: ಮೇಳಕ್ಕೆ ಮೊದಲೇ ಪೇಟೆಂಟ್ ಅರ್ಜಿ ಹಾಕಬೇಕಾ?

ಪ್ರಶ್ನೆ (ಸೋಮವಾರಪೇಟೆ): ಕಾಳುಮೆಣಸಿನ ಗೊಂಚಲಿನಿಂದ ಕಾಳು ಬಿಡಿಸುವ ಯಂತ್ರ ಸಿದ್ಧವಾಗಿದೆ. ಡ್ರಮ್ಮಿನ ರಬ್ಬರ್ ಪಟ್ಟಿಗಳನ್ನು ಓರೆಯಾಗಿ ಕೂರಿಸಿರುವುದರಿಂದ ಕಾಳು ಒಡೆಯುವುದು ಕಡಿಮೆ. ಗೋಣಿಕೊಪ್ಪದ ಮೇಳದಲ್ಲಿ ತೋರಿಸಿ ಆಮೇಲೆ ಅರ್ಜಿ ಹಾಕಿದರೆ ಆಗುತ್ತದಾ? ‘ಕೂರ್ಗ್ ಅರೇಬಿಕಾ’ ಅನ್ನುವ ಹೆಸರನ್ನೂ ನಮ್ಮ ಕಾಫಿಪುಡಿಗೆ ಟ್ರೇಡ್‌ಮಾರ್ಕ್ ಮಾಡಿಸಬೇಕು.

ಉತ್ತರ 1: ದಯವಿಟ್ಟು ಮೊದಲು ಅರ್ಜಿ ಹಾಕಿ. ಜನರೆದುರು ತೋರಿಸಿದ ಮೇಲೆ ಅದು ‘ಹೊಸದು’ ಅನ್ನಿಸಿಕೊಳ್ಳುವುದಿಲ್ಲ. ವಾಟ್ಸಾಪ್ ಗ್ರೂಪಿಗೆ ಹಾಕಿದ ವಿಡಿಯೋ ಕೂಡ ಮುಳುವಾಗಬಹುದು. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕಷ್ಟೇ 12 ತಿಂಗಳ ವಿನಾಯಿತಿ, ಊರಿನ ಮೇಳಕ್ಕಿಲ್ಲ.

ಫಾರ್ಮ್ 1, ಫಾರ್ಮ್ 2 ತುಂಬಿ ತಾತ್ಕಾಲಿಕ ಅರ್ಜಿಯನ್ನು (ಪೂರ್ಣ ವಿವರಣೆಗೆ ಮೊದಲು ದಿನಾಂಕ ಹಿಡಿದಿಡುವ ಅರ್ಜಿ) ಆನ್‌ಲೈನಲ್ಲೇ ಹಾಕಿ. ವ್ಯಕ್ತಿಯ ಹೆಸರಿನಲ್ಲಾದರೆ ಶುಲ್ಕ 1,600 ರೂಪಾಯಿ; ಕರ್ನಾಟಕದವರಿಗೆ ಚೆನ್ನೈಯ ಪೇಟೆಂಟ್ ಕಚೇರಿ. ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಹೆಚ್ಚಿನವರು ಎಡವುವುದು ವಿವರಣೆಯಲ್ಲಿ. ‘ಮೆಣಸು ಬಿಡಿಸುವ ಯಂತ್ರ’ ಎಂದಷ್ಟೇ ಬರೆದರೆ, ಪಟ್ಟಿಯ ಓರೆಗೆ ಮೊದಲ ಅರ್ಜಿಯ ದಿನಾಂಕ ಸಿಗುವುದಿಲ್ಲ; ಆಗ ನಡುವೆ ಮೇಳದಲ್ಲಿ ತೋರಿಸಿದ್ದೇ ಅದಕ್ಕೆ ಮುಳುವಾಗಬಹುದು. ಓರೆಯ ಕೋನ, ಪಟ್ಟಿಗೂ ಜಾಲರಿಗೂ ಇರುವ ಸಂದು, ಡ್ರಮ್ ನಿಮಿಷಕ್ಕೆ ಎಷ್ಟು ಸುತ್ತು, ಎಲ್ಲವನ್ನೂ ಚಿತ್ರ ಸಮೇತ ಬರೆಯಿರಿ. ಅಳತೆಯನ್ನು ಇಷ್ಟರಿಂದ ಇಷ್ಟರವರೆಗೆ ಎಂದು ಕೊಡಿ. ಒಂದೇ ಅಂಕಿಗೆ ಕಟ್ಟಿಹಾಕಿಕೊಂಡರೆ, ಎರಡು ಮಿಲಿಮೀಟರ್ ಬದಲಿಸಿದವನು ನಿಮ್ಮ ಹಕ್ಕಿನಿಂದ ಹೊರಗೆ ಉಳಿಯುತ್ತಾನೆ.

ಉತ್ತರ 2: ಇನ್ನೊಂದು ಅಡ್ಡಿ ಪೇಟೆಂಟ್ ಕಾಯ್ದೆಯ ಕಲಂ 3(ಎಫ್). ಗೊತ್ತಿರುವ ಡ್ರಮ್, ಮೋಟರ್, ಜಾಲರಿ ಜೋಡಿಸಿದ ಮಾತ್ರಕ್ಕೆ ಅದು ಆವಿಷ್ಕಾರವಲ್ಲ. ಆ ಓರೆಯಿಂದಲೇ ಕಾಳು ಉಳಿಯುತ್ತದೆಂದು ತೋರಿಸಬೇಕು. ಒಂದೇ ತೋಟದ ಮೆಣಸನ್ನು ನೇರ ಪಟ್ಟಿಯಲ್ಲೊಮ್ಮೆ, ಓರೆ ಪಟ್ಟಿಯಲ್ಲೊಮ್ಮೆ ಹಾಕಿ, ಒಡೆದ ಕಾಳು ತೂಗಿ ಬರೆದಿಡಿ. ಪೇಟೆಂಟ್ ಬದಲು ಡಿಸೈನ್ ನೋಂದಣಿ ಸಾಕು ಅಂದುಕೊಳ್ಳಬೇಡಿ; ಅದು ಹೊರರೂಪವನ್ನಷ್ಟೇ ಕಾಯುತ್ತದೆ, ಕೆಲಸ ಮಾಡುವ ಬಗೆಯನ್ನಲ್ಲ.

ಪ್ರಶ್ನೆ ಕೇಳಿದವರು: ವೆಲ್ಡಿಂಗ್ ಶಾಪಿನವರು ಡ್ರಮ್ ಮಾಡಿಕೊಟ್ಟಿದ್ದಾರೆ. ಅದೂ ಬಹಿರಂಗವಾದಂತೆಯೇ?

ಉತ್ತರ 2: ಗುಟ್ಟಾಗಿಡಬೇಕೆಂಬ ಒಪ್ಪಂದದ ಮೇಲೆ ತೋರಿಸಿದ್ದರೆ ಅಲ್ಲ. ಬಾಯಿಮಾತಾಗಿದ್ದರೆ ಈಗಲೇ ಬರವಣಿಗೆಯಲ್ಲಿ ಸಹಿ ಹಾಕಿಸಿ, ಡ್ರಾಯಿಂಗ್ ವಾಪಸ್ ತೆಗೆದುಕೊಳ್ಳಿ.

ಉತ್ತರ 3: ಹೆಸರಿನ ವಿಷಯ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ (ಒಂದು ಊರಿನ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದೆ. ಅದು ಇಡೀ ಜಿಲ್ಲೆಯ ಬೆಳೆಗಾರರ ಸ್ವತ್ತು. ಒಬ್ಬರ ಬ್ರ್ಯಾಂಡ್ ಆಗಿ ಕೇಳಿದರೆ ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 9ರ ಆಕ್ಷೇಪ (ಊರು, ಸರಕು ಸೂಚಿಸುವ ಹೆಸರಷ್ಟೇ ಎಂದು) ಬರುತ್ತದೆ. ನೀವು ಬೆಳೆಗಾರರಾದರೆ ಆ ಜಿಐ ಹೆಸರಿನ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಬ್ರ್ಯಾಂಡಿಗೆ ಬೇರೆ ಹೆಸರು ಇಟ್ಟು 30ನೇ ವರ್ಗದಲ್ಲಿ (ಕಾಫಿ ಸೇರುವ ವರ್ಗ) ಟ್ರೇಡ್‌ಮಾರ್ಕಿನ ಟಿಎಂ-ಎ ಫಾರ್ಮಿನಲ್ಲಿ ಅರ್ಜಿ ಹಾಕಿ; ವ್ಯಕ್ತಿಗೆ ಆನ್‌ಲೈನ್ ಶುಲ್ಕ 4,500. ಪ್ಯಾಕೆಟ್ ಅಚ್ಚಿಗೆ ಕೊಡುವ ಮೊದಲೇ, ಅದೇ ಹೆಸರು, ಅದೇ ಉಚ್ಚಾರ ಬೇರೆಯವರದ್ದಿದೆಯೇ ಎಂದು ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಹುಡುಕಿ ನೋಡಿ.