ಫುಲ್ ಚಾರ್ಜ್ ಇದ್ದರೆ ಘಾಟಿಯಲ್ಲಿ ಗಾಡಿ ಜಾರಿದಂತೆ ಆಗುತ್ತೆ, ಯಾಕೆ?

ಕೊಟ್ಟಿಗೆಹಾರದವನು:
ಹೊಸ ಎಲೆಕ್ಟ್ರಿಕ್ ಕಾರು. ರಾತ್ರಿ 100% ಚಾರ್ಜ್ ಮಾಡಿ ಬೆಳಿಗ್ಗೆ ಚಾರ್ಮಾಡಿ ಇಳಿದರೆ, ಆಕ್ಸಿಲರೇಟರ್ ಬಿಟ್ಟಾಗ ಸಿಗುವ ಹಿಡಿತ ಇರುವುದೇ ಇಲ್ಲ. ವಾಪಸ್ ಬರುವಾಗ ಸರಿ ಇರುತ್ತೆ. ರಿಪೇರಿಗೆ ಕೊಡಬೇಕಾ?

ಮೂಡಿಗೆರೆ ಕಾಫಿ:
ಬೇಡ ಮಾರಾಯ್ರೆ, ಗಾಡಿ ಚೆನ್ನಾಗೇ ಇದೆ. ಕಾಲು ತೆಗೆದಾಗ ಮೋಟಾರು ಜನರೇಟರ್ ಆಗಿ ಬ್ಯಾಟರಿಗೆ ಕರೆಂಟ್ ತುಂಬುತ್ತೆ, ಹಿಡಿತ ಬರುವುದು ಅದರಿಂದಲೇ. ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗ ಎಲ್ಲಿದೆ? ನಾನು ಘಾಟಿ ಇಳಿಯುವ ದಿನ 80ಕ್ಕೇ ನಿಲ್ಲಿಸುತ್ತೇನೆ. ಉಜಿರೆ ಕಡೆ ಹೋಗುವಾಗ ಕೆಳಗೆ ತಲುಪುವಷ್ಟರಲ್ಲಿ ಪರ್ಸೆಂಟೇಜ್ ಏರಿರುತ್ತೆ ಕೂಡ. ಪೆಟ್ರೋಲ್ ಗಾಡಿಯವರಿಗೆ ಹೇಳಿದರೆ ನಂಬಲ್ಲ!

ಆದರೆ ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಜಾತಿಯ) ಬ್ಯಾಟರಿಯಾದರೆ ಆಗಾಗ 100 ಮುಟ್ಟಿಸಿ. ಇಲ್ಲದಿದ್ದರೆ ಮೀಟರ್ ತೋರಿಸುವ ಲೆಕ್ಕ ತಪ್ಪುತ್ತೆ. ಅದನ್ನು ಘಾಟಿ ಇಳಿಯದೆ ಚಿಕ್ಕಮಗಳೂರು ಪೇಟೆಗೆ ಹೋಗುವ ದಿನಕ್ಕೆ ಇಟ್ಟುಕೊಳ್ಳಿ.

ಇನ್ನೊಂದು. ಈ ಗಾಡಿಗಳಲ್ಲಿ ಬ್ರೇಕ್ ಸವೆಯುವುದು ಕಡಿಮೆ, ಹಾಗಾಗಿ ನಮ್ಮ ಮಳೆಗೆ ಡಿಸ್ಕ್ ತುಕ್ಕು ಹಿಡಿಯುವುದು ಜಾಸ್ತಿ. ಖಾಲಿ ರಸ್ತೆ ಸಿಕ್ಕಾಗ, ಹಿಂದೆ ಯಾರೂ ಇಲ್ಲ ಅಂತ ನೋಡಿ, ಬ್ರೇಕನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿ.

ಬೇಲೂರು ರಸ್ತೆ:
ಚಿಕ್ಕ 12 ವೋಲ್ಟ್ ಬ್ಯಾಟರಿಯನ್ನೂ ಮರೆಯಬೇಡಿ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಸ್ಟಾರ್ಟ್ ಆಗಲ್ಲ.

ಕೊಟ್ಟಿಗೆಹಾರದವನು:
ಥ್ಯಾಂಕ್ಸ್. ತೋಟದ ಮನೆಯಲ್ಲಿ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತೆ, ಅದು?

ಮೂಡಿಗೆರೆ ಕಾಫಿ:
ಹೆಚ್ಚಾಗಿ ಅರ್ಥಿಂಗ್. ಅದು ಸರಿ ಇಲ್ಲದಿದ್ದರೆ ಚಾರ್ಜರ್ ಸುಮ್ನೆ ಕೂರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಅಳತೆ ಮಾಡಿಸಿ.