ಎನ್‌ಜಿಸಿ 3799ರ ನಡುವಿನ ಹೊಳಪು ರಾತ್ರಿಯಿಂದ ರಾತ್ರಿಗೆ ಏರಿಳಿಯುತ್ತಿದೆ: ಅಳತೆ ಎಲ್ಲಿ ತಪ್ಪಿದೆ?

ತೊಣ್ಣೂರು ದಂಡೆ, ಪಾಂಡವಪುರ:

ಎಲ್ಲರಿಗೂ ನಮಸ್ಕಾರ. 2023ರ ಫೆಬ್ರವರಿ 22ರಂದು ಸಿಂಹರಾಶಿಯ ಎನ್‌ಜಿಸಿ 3799 ಎಂಬ ಗೆಲಾಕ್ಸಿಯ ನಟ್ಟನಡುವೆ ಎಟಿ 2023ಸಿಎಲ್‌ಎಕ್ಸ್ ಪತ್ತೆಯಾದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಪ್ಪುಕುಳಿಯ ತೀರ ಹತ್ತಿರ ಹಾದುಹೋದ ನಕ್ಷತ್ರವೊಂದು ಅದರ ಸೆಳೆತಕ್ಕೆ ಸಿಕ್ಕಿ ಹರಿದುಹೋದಾಗ ಹೊಮ್ಮಿದ ಬೆಳಕು ಅದು. ದೃಶ್ಯ ಬೆಳಕಿನಲ್ಲಿ ಸಿಕ್ಕಿರುವ ಇಂಥ ಘಟನೆಗಳಲ್ಲಿ ನಮಗೆ ಅತಿ ಹತ್ತಿರದವುಗಳಲ್ಲಿ ಒಂದು. ಹತ್ತಿರವೆಂದರೂ ಸುಮಾರು 16 ಕೋಟಿ ಜ್ಯೋತಿರ್ವರ್ಷಗಳ ದೂರ. ಆ ವರ್ಷ ಫೆಬ್ರವರಿ 26ರಿಂದ ಏಪ್ರಿಲ್ ಮೂರನೆಯ ವಾರದವರೆಗೆ ನಮ್ಮ ಮನೆಯ ತಾರಸಿಯಿಂದ ಒಟ್ಟು 14 ರಾತ್ರಿ ಅದರ ಚಿತ್ರ ತೆಗೆದಿದ್ದೆ. ಕೆಲಸದ ಒತ್ತಡದಲ್ಲಿ ಆ ಕಡತಗಳು ಹಾಗೆಯೇ ಉಳಿದಿದ್ದವು; ಈಗ ಕುಳಿತು ಅಳೆಯುತ್ತಿದ್ದೇನೆ.

ನನ್ನದು 200 ಮಿ.ಮೀ. ವ್ಯಾಸದ, 1000 ಮಿ.ಮೀ. ನಾಭಿದೂರದ ನ್ಯೂಟೋನಿಯನ್ ದೂರದರ್ಶಕ. ಕ್ಯಾಮೆರಾ ಕಪ್ಪು-ಬಿಳುಪಿನದು, ಪಿಕ್ಸೆಲ್ 3.76 ಮೈಕ್ರಾನ್. ಒಂದು ನಿಮಿಷದ 30 ಚಿತ್ರಗಳನ್ನು ಸೇರಿಸಿ ಪ್ರತಿ ರಾತ್ರಿಗೆ ಒಂದು ಚಿತ್ರ ಮಾಡಿಕೊಂಡಿದ್ದೇನೆ. ಆಸ್ಟ್ರೋಇಮೇಜ್‌ಜೆ ತಂತ್ರಾಂಶದಲ್ಲಿ ಗೆಲಾಕ್ಸಿಯ ನಡುವೆ 4 ಪಿಕ್ಸೆಲ್ ತ್ರಿಜ್ಯದ ವೃತ್ತವಿಟ್ಟು, ಸುತ್ತಲಿನ ಐದು ನಕ್ಷತ್ರಗಳಿಗೆ ಹೋಲಿಸಿ ಅಳೆದರೆ, ಹೊಳಪು ಒಂದು ರಾತ್ರಿಯಿಂದ ಇನ್ನೊಂದಕ್ಕೆ 0.3 ಮ್ಯಾಗ್ನಿಟ್ಯೂಡ್‌ನಷ್ಟು (ಇದು ಹೊಳಪಿನ ಅಳತೆ; ಅಂಕಿ ಚಿಕ್ಕದಾದಷ್ಟೂ ಕಾಯ ಪ್ರಕಾಶ) ಏರಿ ಮತ್ತೆ ಇಳಿಯುತ್ತದೆ. ಇದು ಸರಿಯಲ್ಲವೆನ್ನಿಸಿ, ಪ್ಯಾನ್‌ಸ್ಟಾರ್ಸ್ ಸಮೀಕ್ಷೆಯ ಹಳೆಯ ಚಿತ್ರವನ್ನು ಇಳಿಸಿಕೊಂಡು ನನ್ನ ಚಿತ್ರದಿಂದ ಅದನ್ನು ಕಳೆದು ನೋಡಿದೆ. ಉಳಿಯಬೇಕಾದದ್ದು ಒಂದು ಬಿಳಿ ಚುಕ್ಕಿ. ಉಳಿದದ್ದು ಅರ್ಧ ಬಿಳಿ, ಅರ್ಧ ಕಪ್ಪಾದ ಒಂದು ಜೋಡಿ ಕಲೆ. ಪಕ್ಕದ ಎನ್‌ಜಿಸಿ 3800ರ ನಡುವೆಯೂ ಕಪ್ಪು ಉಂಗುರ ಬಂದಿದೆ. ಎಲ್ಲಿ ಎಡವಿದ್ದೇನೆಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಮೂರನೇ ಮಹಡಿ, ಮೈಸೂರು:

ಮೂರು ವಿಷಯ ತಿಳಿಸಿ. ಆ 14 ರಾತ್ರಿಗಳಲ್ಲಿ ಫಿಲ್ಟರ್ ಯಾವುದಿತ್ತು? ಪ್ರತಿ ರಾತ್ರಿ ಚಿತ್ರದಲ್ಲಿ ನಕ್ಷತ್ರಗಳ ಅಗಲ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ಇತ್ತು? ಹೋಲಿಕೆಯ ಐದು ನಕ್ಷತ್ರಗಳಲ್ಲಿ ಯಾವುದಾದರೂ ಪಿಕ್ಸೆಲ್ ತುಂಬಿ ಚೆಲ್ಲುವಷ್ಟು ಪ್ರಕಾಶವಾಗಿತ್ತೇ?

ತೊಣ್ಣೂರು ದಂಡೆ, ಪಾಂಡವಪುರ:

ಮೊದಲ ಐದು ರಾತ್ರಿ ಫಿಲ್ಟರ್ ಇರಲಿಲ್ಲ. ಹೆಚ್ಚು ಬೆಳಕು ಸಿಗಲೆಂದು ಹಾಗೆಯೇ ತೆಗೆದೆ. ಮುಂದಿನ ಒಂಬತ್ತು ರಾತ್ರಿ ನೀಲಿ-ಹಸಿರು ಬೆಳಕನ್ನಷ್ಟೇ ಬಿಡುವ ಜಿ ಫಿಲ್ಟರ್ ಹಾಕಿದ್ದೆ. ಮಾರ್ಚ್ 7ರ ಹುಣ್ಣಿಮೆಯಂದು ಚಂದ್ರ ಸಿಂಹರಾಶಿಯಲ್ಲೇ ಇದ್ದುದರಿಂದ ಅದರ ಆಚೀಚೆ ಒಂದು ವಾರ ಏನೂ ಇಲ್ಲ. ಹೆಚ್ಚಿನ ರಾತ್ರಿ ಹತ್ತು ಗಂಟೆಯೊಳಗೆ ಮುಗಿಸಿದ್ದೇನೆ. ನಕ್ಷತ್ರಗಳ ಅಗಲ 2.7 ಆರ್ಕ್‌ಸೆಕೆಂಡಿನಿಂದ 4.4ರವರೆಗೆ ಇದೆ. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಗದ್ದೆ ಬಯಲಿನ ಮೇಲೆ ತೆಳ್ಳಗೆ ಮಂಜು ಕಟ್ಟುತ್ತದೆ, ಕಬ್ಬಿನ ತರಗು ಸುಟ್ಟ ರಾತ್ರಿಗಳಲ್ಲಿ ಹೊಗೆ. ಆ ರಾತ್ರಿಗಳಲ್ಲೇ ನಕ್ಷತ್ರ ಊದಿಕೊಂಡಿವೆ. ಪ್ರಕಾಶದ ನಕ್ಷತ್ರ ಒಂದು 61,000 ಎಣಿಕೆಯವರೆಗೆ ಹೋಗಿದೆ. ಉಳಿದವು 30,000ದ ಒಳಗಿವೆ.

ಯದುಗಿರಿ, ಮೇಲುಕೋಟೆ:

ನಿಮ್ಮ ಉತ್ತರದಲ್ಲೇ ಅರ್ಧ ಪರಿಹಾರವಿದೆ. ಮೊದಲು ಆ 61,000ದ ನಕ್ಷತ್ರವನ್ನು ಕೈಬಿಡಿ. 16 ಬಿಟ್‌ನ ಕ್ಯಾಮೆರಾದಲ್ಲಿ 65,535ಕ್ಕೆ ಎಣಿಕೆ ಮುಗಿಯುತ್ತದೆ. ಅಷ್ಟು ಹತ್ತಿರ ಹೋದ ನಕ್ಷತ್ರವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು, ಏಕೆಂದರೆ ಸೇರಿಸಿದ 30 ಚಿತ್ರಗಳಲ್ಲಿ ಕೆಲವಾದರೂ ತುಂಬಿ ಚೆಲ್ಲಿರುತ್ತವೆ.

ಈಗ ಮುಖ್ಯ ವಿಷಯ. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದಲ್ಲಿ ಸುಮಾರು 0.78 ಆರ್ಕ್‌ಸೆಕೆಂಡ್. ನೀವಿಟ್ಟ ವೃತ್ತದ ತ್ರಿಜ್ಯ, ಆ ಲೆಕ್ಕದಲ್ಲಿ, ಸುಮಾರು 3.1 ಆರ್ಕ್‌ಸೆಕೆಂಡ್. ಗಾಳಿ ಕಲಕಿದ ರಾತ್ರಿ ಹೋಲಿಕೆಯ ನಕ್ಷತ್ರದ ಬೆಳಕು ಹರಡಿ ಒಂದು ಪಾಲು ವೃತ್ತದ ಹೊರಗೆ ಹೋಗುತ್ತದೆ. ನಕ್ಷತ್ರ ಒಂದು ಬಿಂದುವಾದ್ದರಿಂದ ಹೋದ ಬೆಳಕು ಹೋಯಿತು, ಅದನ್ನು ತುಂಬಿಕೊಡಲು ಪಕ್ಕದಲ್ಲಿ ಏನೂ ಇಲ್ಲ. ಗೆಲಾಕ್ಸಿಯ ನಡುಭಾಗ ಹಾಗಲ್ಲ. ಅಲ್ಲಿಂದ ಹೊರಗೆ ಹೋದಷ್ಟಕ್ಕೆ ಬದಲಾಗಿ ಸುತ್ತಲಿನ ಗೆಲಾಕ್ಸಿಯ ಬೆಳಕು ಒಂದಿಷ್ಟು ವೃತ್ತದೊಳಕ್ಕೆ ಬಂದು ಸೇರುತ್ತದೆ. ಆದ್ದರಿಂದ ಕೆಟ್ಟ ರಾತ್ರಿಗಳಲ್ಲಿ ನಕ್ಷತ್ರಗಳಿಗೆ ಹೋಲಿಸಿದರೆ ಗೆಲಾಕ್ಸಿಯ ನಡು ಹೆಚ್ಚು ಹೊಳೆದಂತೆ ಲೆಕ್ಕ ಬರುತ್ತದೆ, ಒಳ್ಳೆಯ ರಾತ್ರಿ ಮಂಕಾದಂತೆ. ನಿಮ್ಮ ಏರಿಳಿತ ಕಪ್ಪುಕುಳಿಯದಲ್ಲ, ಮಂಜು ಮತ್ತು ಹೊಗೆಯದು ಎಂಬುದು ನನ್ನ ಬಲವಾದ ಅನುಮಾನ.

ಇದನ್ನು ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಒಂದು ಹಾಳೆಯಲ್ಲಿ ಅಡ್ಡಕ್ಕೆ ನಕ್ಷತ್ರದ ಅಗಲ, ಉದ್ದಕ್ಕೆ ಗೆಲಾಕ್ಸಿಯ ಹೊಳಪು ಬರೆದು 14 ರಾತ್ರಿಗಳನ್ನೂ ಗುರುತು ಮಾಡಿ. ಚುಕ್ಕಿಗಳು ಓರೆಯಾಗಿ ಸಾಲು ಕಟ್ಟಿದರೆ ಅನುಮಾನ ನಿಜ. ಬಳಿಕ ಎನ್‌ಜಿಸಿ 3800ರ ನಡುವನ್ನೂ ಇದೇ ವೃತ್ತದಲ್ಲಿ ಅಳೆಯಿರಿ. ಈ ಎರಡು ಗೆಲಾಕ್ಸಿಗಳು ಆರ್ಪ್ 83 ಎಂಬ ಜೋಡಿ, ನಡುವಿನ ಅಂತರ ಒಂದೂವರೆ ಆರ್ಕ್‌ಮಿನಿಟಿಗೂ ಕಡಿಮೆ. ಒಂದೇ ಚಿತ್ರ, ಒಂದೇ ಗಾಳಿ, ಒಂದೇ ಫ್ಲಾಟ್ (ದೂಳಿನ ಕಲೆ, ಅಂಚಿನ ಮಬ್ಬು ಸರಿಪಡಿಸಲು ತೆಗೆಯುವ ಸಮಬೆಳಕಿನ ಚಿತ್ರ). ಅಲ್ಲಿ ಯಾವ ನಕ್ಷತ್ರವೂ ಹರಿದಿರಲಿಲ್ಲ. ಅದೂ ಜೊತೆಗೆ ಏರಿಳಿದರೆ ಬೇರೆ ಸಾಕ್ಷಿ ಬೇಡ.

ಇಂಥ ಬೆಳಕು ಒಂದೇ ರಾತ್ರಿಯಲ್ಲಿ 0.3 ಏರಿ ಮರುದಿನ ಇಳಿಯುವುದನ್ನು ನಾನೇಕೆ ನಂಬುವುದಿಲ್ಲವೆಂದೂ ಹೇಳಬೇಕು. ಸೂರ್ಯನಂಥ ನಕ್ಷತ್ರ, ಹತ್ತು ಲಕ್ಷ ಸೂರ್ಯರ ರಾಶಿಯ ಕಪ್ಪುಕುಳಿ ಎಂದಿಟ್ಟುಕೊಳ್ಳಿ. ಸುಮಾರು 7 ಕೋಟಿ ಕಿಲೋಮೀಟರ್‌ನಷ್ಟು ಹತ್ತಿರ ಬಂದಾಗ, ಅಂದರೆ ಸೂರ್ಯನಿಂದ ಬುಧನಿಗಿರುವ ದೂರಕ್ಕಿಂತ ತುಸು ಆಚೆಯೇ, ನಕ್ಷತ್ರದ ಈ ಬದಿಯ ಮೇಲಿನ ಸೆಳೆತಕ್ಕೂ ಆ ಬದಿಯ ಮೇಲಿನ ಸೆಳೆತಕ್ಕೂ ಇರುವ ವ್ಯತ್ಯಾಸ ನಕ್ಷತ್ರದ ಸ್ವಂತ ಗುರುತ್ವವನ್ನು ಮೀರುತ್ತದೆ. ನಮ್ಮ ಸಮುದ್ರದಲ್ಲಿ ಉಬ್ಬರ ತರುವ ಬಲವೇ ಅಲ್ಲಿ ನಕ್ಷತ್ರವನ್ನು ನೂಲಿನಂತೆ ಎಳೆದುಹಾಕುತ್ತದೆ. ಮಾರ್ಟಿನ್ ರೀಸ್ 1988ರಲ್ಲಿ ತೋರಿಸಿದಂತೆ, ಹರಿದ ಅನಿಲದಲ್ಲಿ ಸುಮಾರು ಅರ್ಧ ದೂರಕ್ಕೆ ಚಿಮ್ಮಿಹೋಗುತ್ತದೆ. ಉಳಿದರ್ಧ ಉದ್ದನೆಯ ಕಕ್ಷೆಗಳಲ್ಲಿ ಸುತ್ತಿ ಹಿಂದಿರುಗುತ್ತದೆ. ಈ ಲೆಕ್ಕದಲ್ಲಿ ಮೊದಲ ಪಾಲು ಮರಳಲು ಸುಮಾರು 40 ದಿನ ಬೇಕು, ಆಮೇಲಿನದು ತಿಂಗಳುಗಟ್ಟಲೆ ಕಡಿಮೆಯಾಗುತ್ತಾ ಬೀಳುತ್ತಿರುತ್ತದೆ. ಎಟಿ 2023ಸಿಎಲ್‌ಎಕ್ಸ್ ಇಂಥವುಗಳ ಪೈಕಿ ಬೇಗ ಏರಿದ್ದು ನಿಜ. ಆದರೂ ದೃಶ್ಯ ಬೆಳಕಿನ ಗೆರೆ ದಿನ, ವಾರಗಳ ಲೆಕ್ಕದಲ್ಲಿ ನಯವಾಗಿ ಏರಿ ನಯವಾಗಿ ಇಳಿಯುತ್ತದೆ. ಗರಗಸದ ಹಲ್ಲಿನಂಥ ಗೆರೆ ಬಂದರೆ ಮೊದಲು ನಮ್ಮ ವೃತ್ತವನ್ನು ಸಂದೇಹಿಸಬೇಕು.

ಮೂರನೇ ಮಹಡಿ, ಮೈಸೂರು:

ಆ ಅರ್ಧ ಬಿಳಿ, ಅರ್ಧ ಕಪ್ಪು ಕಲೆಯ ಬಗ್ಗೆ ನಾನು ಹೇಳುತ್ತೇನೆ. ಇದರಲ್ಲೇ ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ಫೆಬ್ರವರಿ ಕೊನೆಯಲ್ಲಿ ರಾತ್ರಿ ಹತ್ತಕ್ಕೆ ಆ ಗೆಲಾಕ್ಸಿ ನಮ್ಮ ಪೂರ್ವ ದಿಕ್ಕಿನಲ್ಲಿ 37 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತದೆ. ಅಲ್ಲಿ ವಾತಾವರಣ ಒಂದು ಗಾಜಿನ ಪಟ್ಟಕದಂತೆ ಕೆಲಸಮಾಡಿ ನೀಲಿ ಬೆಳಕನ್ನು ಕೆಂಪಿಗಿಂತ ಒಂದು ಆರ್ಕ್‌ಸೆಕೆಂಡಿಗೂ ಹೆಚ್ಚು ಮೇಲಕ್ಕೆ ಎತ್ತುತ್ತದೆ. ಫಿಲ್ಟರ್ ಇಲ್ಲದ ಕ್ಯಾಮೆರಾ ಎರಡನ್ನೂ ನುಂಗುತ್ತದೆ. ಹರಿದ ನಕ್ಷತ್ರದ ಬೆಳಕು ಹತ್ತಾರು ಸಾವಿರ ಡಿಗ್ರಿ ಕಾವಿನದು, ಬಹಳ ನೀಲಿ. ನೀವು ಚಿತ್ರ ಹೊಂದಿಸಲು ಬಳಸಿದ ಸುತ್ತಲಿನ ನಕ್ಷತ್ರಗಳಲ್ಲಿ ಹೆಚ್ಚಿನವು ಹಳದಿ, ಕೆಂಪು. ಹಾಗಾಗಿ ನಕ್ಷತ್ರಗಳು ಕರಾರುವಾಕ್ಕಾಗಿ ಹೊಂದಿಕೊಂಡರೂ ಗೆಲಾಕ್ಸಿಯ ನಡು ಒಂದು ಪಿಕ್ಸೆಲ್‌ನಷ್ಟು ಸರಿದು ನಿಲ್ಲುತ್ತದೆ. ಪೂರ್ವದಲ್ಲಿ ಏರುತ್ತಿರುವ ಕಾಯಕ್ಕೆ ಮೇಲೆಂದರೆ ಪಶ್ಚಿಮ. ನಿಮ್ಮ ಕಲೆಯಲ್ಲಿ ಬಿಳಿ ಭಾಗ ಪಶ್ಚಿಮಕ್ಕೂ ಕಪ್ಪು ಭಾಗ ಪೂರ್ವಕ್ಕೂ ಇದ್ದರೆ, ಮತ್ತು ಅದು ಫಿಲ್ಟರ್ ಇಲ್ಲದ ಐದು ರಾತ್ರಿಗಳಲ್ಲಿ ಮಾತ್ರ ಎದ್ದು ಕಂಡರೆ, ಕಾರಣ ಇದೇ. ಏಪ್ರಿಲ್ ಮಧ್ಯಕ್ಕೆ ಹತ್ತು ಗಂಟೆಯ ಹೊತ್ತಿಗೆ ಅದು ನೆತ್ತಿಯ ಹತ್ತಿರ ಬರುವುದರಿಂದ ಆ ಚಿತ್ರಗಳಲ್ಲಿ ಈ ತೊಂದರೆ ಇರಲಾರದು.

ತೊಣ್ಣೂರು ದಂಡೆ, ಪಾಂಡವಪುರ:

ಇಬ್ಬರಿಗೂ ಕೃತಜ್ಞ. ನೋಡಿದೆ. ಬಿಳಿ ಭಾಗ ಪಶ್ಚಿಮಕ್ಕೇ ಇದೆ, ಮೊದಲ ಐದು ರಾತ್ರಿಗಳಲ್ಲೇ ಇದೆ. ಎನ್‌ಜಿಸಿ 3800ರ ನಡುವೂ ಕೆಟ್ಟ ರಾತ್ರಿಗಳಲ್ಲಿ 0.2ರಷ್ಟು ಏರಿದೆ, ಹಾಳೆಯ ಮೇಲೆ ಎರಡೂ ಗೆಲಾಕ್ಸಿಗಳ ಚುಕ್ಕಿಗಳು ಒಂದೇ ಓರೆಯಲ್ಲಿ ಸಾಲು ಕಟ್ಟಿದವು. ನೋಡಿ ಮನಸ್ಸಿಗೆ ಬೇಸರವಾಯಿತು, ಆದರೆ ಸಂದೇಹಕ್ಕೆ ಎಡೆಯಿಲ್ಲ. ಒಂದು ಮಾತ್ರ ತಿಳಿಯಲಿಲ್ಲ. ಜಿ ಫಿಲ್ಟರ್‌ನ ಒಂಬತ್ತು ರಾತ್ರಿಗಳಲ್ಲೂ ಪ್ಯಾನ್‌ಸ್ಟಾರ್ಸ್ ಚಿತ್ರವನ್ನು ಕಳೆದಾಗ ಎನ್‌ಜಿಸಿ 3800ರಲ್ಲಿ ಕಪ್ಪು ಉಂಗುರ ಉಳಿಯುತ್ತದೆ. ಹಾಟ್‌ಪ್ಯಾಂಟ್ಸ್ ತಂತ್ರಾಂಶ ಆ ಚಿತ್ರವನ್ನು ನನ್ನ ಚಿತ್ರದಷ್ಟೇ ಮಸುಕು ಮಾಡಿದ ನಂತರವೂ ಹೀಗೇಕೆ?

ಯದುಗಿರಿ, ಮೇಲುಕೋಟೆ:

ಏಕೆಂದರೆ ಅವರ ಜಿ ನಿಮ್ಮ ಜಿ ಅಲ್ಲ. ಪ್ಯಾನ್‌ಸ್ಟಾರ್ಸ್ ಹವಾಯಿಯ ಹಲೆಆಕಲಾ ಶಿಖರದ ಮೇಲಿರುವ 1.8 ಮೀಟರ್ ದೂರದರ್ಶಕ. ಅದರ ಫಿಲ್ಟರ್, ಸಂವೇದಕ, ಅಲ್ಲಿನ ಗಾಳಿ ಎಲ್ಲವೂ ಬೇರೆ. ತಂತ್ರಾಂಶ ಎರಡು ಚಿತ್ರಗಳ ಹೊಳಪನ್ನು ನಕ್ಷತ್ರಗಳ ಮೇಲೆ ತೂಗಿ ಸಮ ಮಾಡುತ್ತದೆ. ಗೆಲಾಕ್ಸಿಯ ನಡುವಿನ ಬಣ್ಣ ಆ ನಕ್ಷತ್ರಗಳ ಬಣ್ಣವಲ್ಲವಾದ್ದರಿಂದ ಅಲ್ಲಿ ತೂಕ ತಪ್ಪುತ್ತದೆ, ಕಳೆದಾಗ ಹೆಚ್ಚೋ ಕಡಿಮೆಯೋ ಉಳಿಯುತ್ತದೆ. ಮಸುಕು ಹೊಂದಿಸುವುದರಿಂದ ಇದು ಸರಿಹೋಗುವುದಿಲ್ಲ.

ಕಳೆಯುವ ಚಿತ್ರ ನಿಮ್ಮದೇ ಆಗಿರಬೇಕು: ಇದೇ ದೂರದರ್ಶಕ, ಇದೇ ಕ್ಯಾಮೆರಾ, ಇದೇ ಫಿಲ್ಟರ್. 2023ರಲ್ಲಿ ಅದು ಸಾಧ್ಯವಿರಲಿಲ್ಲ, ಬೆಳಕು ಅಲ್ಲೇ ಕುಳಿತಿತ್ತು. ಈಗ ದೃಶ್ಯ ಬೆಳಕಿನಲ್ಲಿ ಅದು ಆರಿಹೋಗಿದೆ, ಗೆಲಾಕ್ಸಿ ಮಾತ್ರ ಉಳಿದಿದೆ. ತಡವಾಗಿ ಕುಳಿತದ್ದು ನಿಮಗೆ ಒಳ್ಳೆಯದೇ ಆಯಿತು. ಈ ಬೇಸಿಗೆಯಲ್ಲಿ ಗಾಳಿ ನಿಂತ ಒಂದೆರಡು ರಾತ್ರಿ ಆಯ್ದುಕೊಂಡು, ಅದು ನೆತ್ತಿಗೆ ಬಂದಾಗ ಎರಡು ಗಂಟೆಗೂ ಹೆಚ್ಚು ಕಾಲ ಜಿ ಫಿಲ್ಟರ್‌ನಲ್ಲಿ ತೆಗೆಯಿರಿ. ಈ ಚಿತ್ರ ಉಳಿದೆಲ್ಲವುಗಳಿಗಿಂತ ಚೂಪಾಗಿಯೂ ಆಳವಾಗಿಯೂ ಇರಬೇಕು. ಇದರಲ್ಲಿನ ಗದ್ದಲ, ಅಂದರೆ ಪಿಕ್ಸೆಲ್‌ಗಳ ಅಡ್ಡಾದಿಡ್ಡಿ ಏರಿಳಿತ, ನಿಮ್ಮ ಪ್ರತಿ ಅಳತೆಗೂ ಅಂಟಿಕೊಳ್ಳುತ್ತದೆ. ಫಿಲ್ಟರ್ ಇಲ್ಲದ ಐದು ರಾತ್ರಿಗಳನ್ನೂ ಉಳಿಸಿಕೊಳ್ಳಬೇಕೆಂದರೆ ಅದಕ್ಕೊಂದು ಬೇರೆ ಚಿತ್ರ ಬೇಕು, ಅದನ್ನು ಪೂರ್ವದಲ್ಲಿ ಅದೇ 37 ಡಿಗ್ರಿಯಲ್ಲಿ ತೆಗೆಯಬೇಕು. ಅಷ್ಟಾದರೂ ನೀಲಿಯ ಸರಿತ ಪೂರ್ತಿ ಹೋಗದು, ಹರಿದ ನಕ್ಷತ್ರದ ನೀಲಿ ಬೆಳಕು ಈಗಿನ ಚಿತ್ರದಲ್ಲಿ ಇರುವುದಿಲ್ಲವಲ್ಲ. ನಾನಾಗಿದ್ದರೆ ಆ ಐದನ್ನು ಬದಿಗಿಡುತ್ತಿದ್ದೆ.

ಚಿತ್ರ ಹೊಂದಿಸುವಾಗ ಎರಡೂ ಗೆಲಾಕ್ಸಿಗಳ ನಡುವನ್ನು ನಕ್ಷತ್ರಗಳ ಪಟ್ಟಿಯಿಂದ ತೆಗೆದುಹಾಕುವುದನ್ನು ಮರೆಯಬೇಡಿ. ತಂತ್ರಾಂಶ ಅವನ್ನೂ ನಕ್ಷತ್ರವೆಂದೇ ಹಿಡಿಯುತ್ತದೆ. ಕೊನೆಗೆ, ನಿಮ್ಮ ಚಿತ್ರಗಳಲ್ಲಿ ಎನ್‌ಜಿಸಿ 3800ರ ನಡುವೆ ಗೊತ್ತಿರುವ ಹೊಳಪಿನ ಒಂದು ಕೃತಕ ನಕ್ಷತ್ರವನ್ನು ಸೇರಿಸಿ, ಇಡೀ ಲೆಕ್ಕವನ್ನು ಮೊದಲಿನಿಂದ ನಡೆಸಿ. ಹಾಕಿದಷ್ಟೇ ಹೊಳಪು ಮರಳಿ ಬಂದರೆ ನಿಮ್ಮ ವಿಧಾನ ನಂಬಬಹುದಾದದ್ದು. ಇದನ್ನು ಮಾಡದೆ ಯಾವ ಅಂಕಿಯನ್ನೂ ಯಾರಿಗೂ ಕಳುಹಿಸಬಾರದೆಂಬುದು ನನ್ನ ನಿಲುವು.

ಕೊಡಗಹಳ್ಳಿ ಚುಕ್ಕಿ, ಮಂಡ್ಯ:

ಈ ಚರ್ಚೆ ಓದುತ್ತಿದ್ದೆ. ನನ್ನದು 6 ಇಂಚಿನ ದೂರದರ್ಶಕ. ಇಷ್ಟು ಚಿಕ್ಕದರಲ್ಲಿ ಇಂಥ ಕೆಲಸಕ್ಕೆ ಕೈಹಾಕುವುದು ವ್ಯರ್ಥವೇ? ಕೆಲವು ಗೆಲಾಕ್ಸಿಗಳನ್ನು ಆಯ್ದು ಪ್ರತಿ ರಾತ್ರಿ ಕಾಯಬೇಕೆಂದಿದ್ದೆ.

ಮೂರನೇ ಮಹಡಿ, ಮೈಸೂರು:

ಎಟಿ 2023ಸಿಎಲ್‌ಎಕ್ಸ್ ಅನ್ನು ಪತ್ತೆಮಾಡಿದ ಆಸಸ್‌ಎನ್ ಸಮೀಕ್ಷೆಯ ಮಸೂರಗಳ ವ್ಯಾಸ 14 ಸೆಂಟಿಮೀಟರ್, ನಿಮ್ಮದಕ್ಕಿಂತ ಚಿಕ್ಕದು. ಗಾತ್ರದ ಚಿಂತೆ ಬಿಡಿ. ಆದರೆ ಕೆಲವೇ ಗೆಲಾಕ್ಸಿಗಳನ್ನು ಕಾಯುವುದು ಬೇಡ. ಒಂದು ಗೆಲಾಕ್ಸಿಯಲ್ಲಿ ಇದು ಹತ್ತು ಸಾವಿರದಿಂದ ಲಕ್ಷ ವರ್ಷಕ್ಕೊಮ್ಮೆ ನಡೆಯುವ ಘಟನೆ. ಟ್ರಾನ್ಸಿಯೆಂಟ್ ನೇಮ್ ಸರ್ವರ್ ಎಂಬ ಜಾಲತಾಣದಲ್ಲಿ ಪ್ರಕಟವಾಗುವ ಹೊಸ ಕಾಯಗಳಲ್ಲಿ ಗೆಲಾಕ್ಸಿಯ ನಡುವೆಯೇ ಇರುವ, ನೀಲಿಯಾದ, 17 ಮ್ಯಾಗ್ನಿಟ್ಯೂಡ್‌ಗಿಂತ ಪ್ರಕಾಶವಾದವನ್ನು ಹಿಡಿದು ಬೆನ್ನುಹತ್ತಿ. ಜಿ ಮತ್ತು ಆರ್ (ಕೆಂಪು ಬೆಳಕಿನ) ಫಿಲ್ಟರ್ ಎರಡರಲ್ಲೂ ತೆಗೆಯಿರಿ. ಸೂಪರ್‌ನೋವಾ ವಾರಗಳಲ್ಲಿ ತಣ್ಣಗಾಗಿ ಕೆಂಪಾಗುತ್ತದೆ. ಹರಿದ ನಕ್ಷತ್ರದ ಬೆಳಕು ಮಂಕಾಗುತ್ತಲೇ ತಿಂಗಳುಗಟ್ಟಲೆ ನೀಲಿಯಾಗಿಯೇ ಉಳಿಯುತ್ತದೆ. ಖಚಿತ ಮಾಡಲು ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿ, ಬೇಕು. ಅದರಲ್ಲಿ ಜಲಜನಕ, ಹೀಲಿಯಂ ಗೆರೆಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಿಂದ ಅಗಲವಾಗಿ ಹರಡಿರುತ್ತವೆ. ಅದು ಹಾನ್ಲೆಯ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದಂಥವುಗಳ ಕೆಲಸ. ಬಣ್ಣದ ಲೆಕ್ಕವನ್ನು ಮಾತ್ರ ನಾವು ತಾರಸಿಯಿಂದಲೇ ಮಾಡಬಹುದು.

ತೊಣ್ಣೂರು ದಂಡೆ, ಪಾಂಡವಪುರ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಹೇಳಿದಂತೆ ಎರಡು ರಾತ್ರಿ ನೆತ್ತಿಯ ಹತ್ತಿರ ಒಟ್ಟು 150 ನಿಮಿಷ ಜಿ ಫಿಲ್ಟರ್‌ನಲ್ಲಿ ತೆಗೆದೆ. ನಕ್ಷತ್ರಗಳ ಅಗಲ 2.5 ಆರ್ಕ್‌ಸೆಕೆಂಡ್ ಬಂತು. ಮೊದಲ ಪ್ರಯತ್ನ ಕೆಟ್ಟಿತು, ಏಕೆಂದರೆ ಮೂರು ವರ್ಷ ಹಳೆಯ ಫ್ಲಾಟ್ ಅನ್ನು ಹೊಸ ಚಿತ್ರಕ್ಕೂ ಹಾಕಿಬಿಟ್ಟಿದ್ದೆ. ಹೊಸ ಫ್ಲಾಟ್ ತೆಗೆದು ಮತ್ತೆ ಕಳೆದಾಗ ಎನ್‌ಜಿಸಿ 3800 ಇದ್ದ ಜಾಗದಲ್ಲಿ ಬರಿಯ ಗದ್ದಲ ಉಳಿಯಿತು, ಉಂಗುರವಿಲ್ಲ. ಎನ್‌ಜಿಸಿ 3799ರ ನಡುವೆ ದುಂಡಗಿನ ಒಂದು ಬಿಳಿ ಚುಕ್ಕಿ, ಅದರ ಅಗಲ ಪಕ್ಕದ ನಕ್ಷತ್ರಗಳಷ್ಟೇ. ಆ ಚುಕ್ಕಿಯನ್ನು ಪರದೆಯ ಮೇಲೆ ದೊಡ್ಡದು ಮಾಡಿಟ್ಟು ಬಹಳ ಹೊತ್ತು ನೋಡುತ್ತಾ ಕುಳಿತೆ.

ಕೃತಕ ನಕ್ಷತ್ರದ ಪರೀಕ್ಷೆಯನ್ನು ಒಂಬತ್ತು ರಾತ್ರಿಗಳಿಗೂ ನಡೆಸಿದೆ. ಏಳರಲ್ಲಿ ಹಾಕಿದ ಹೊಳಪು 0.05ರೊಳಗೆ ಮರಳಿ ಬಂತು. ಮಂಜು ದಟ್ಟವಾಗಿದ್ದ ಎರಡು ರಾತ್ರಿಗಳಲ್ಲಿ ಬರಲಿಲ್ಲ, ಅವನ್ನು ಬಿಟ್ಟಿದ್ದೇನೆ. ಉಳಿದ ಏಳು ರಾತ್ರಿಗಳ ಹೊಳಪು ಯುಗಾದಿಯ ಹಿಂದಿನ ಅಮಾವಾಸ್ಯೆಯಿಂದ ಏಪ್ರಿಲ್ ಮೂರನೆಯ ವಾರದವರೆಗೆ ಒಂದೇ ಸಮನೆ ಇಳಿಯುತ್ತದೆ, ಎಲ್ಲಿಯೂ ಮೇಲೆದ್ದಿಲ್ಲ. ಅಂಕಿಗಳನ್ನೂ ಕಳೆದು ಉಳಿದ ಚಿತ್ರಗಳನ್ನೂ ಕೆಳಗೆ ಸೇರಿಸಿದ್ದೇನೆ. ಯದುಗಿರಿಯವರು ಬಿಡುವಾದಾಗ ಹೋಲಿಕೆಯ ನಾಲ್ಕನೆಯ ನಕ್ಷತ್ರವನ್ನು ಒಮ್ಮೆ ನೋಡಬೇಕು. ಮಾರ್ಚ್ 28ರಂದು ಅದು ಮಾತ್ರ 0.04 ಮಂಕಾಗಿದೆ, ಅದನ್ನೂ ಬಿಡಬೇಕೇ ಎಂದು ನಿರ್ಧರಿಸಲಾಗುತ್ತಿಲ್ಲ.